ಪೀಕನ್ ಮರದ ಮನೆ

ಹೊಸ ಊರಿಗೆ ಕೆಲಸ ಕೇಳಿಕೊಂಡು ಹೋದಾಗ ನನ್ನ ತಮ್ಮ ಲೆಮ್ ಮೊದಲು ಮೈದಾನ ನೋಡುತ್ತಿರಲಿಲ್ಲ. ಹಿಂದಿನ ಕೋಚ್ ಇದ್ದ ಮನೆ ಯಾವುದೆಂದು ವಿಚಾರಿಸಿಕೊಂಡು ಹೋಗಿ, ಅವನ ಹೆಂಡತಿ ಅಂಗಳದಲ್ಲಿ ಏನು ನೆಟ್ಟಿದ್ದಾಳೆ ಎಂದು ನೋಡುತ್ತಿದ್ದ. ಕುಂಡದಲ್ಲಿ ಚೆಂಡುಹೂವಿದ್ದರೆ ಆ ಕೆಲಸದ ಆಸೆ ಬಿಡಬೇಕು. ಗುಲಾಬಿ ಇದ್ದರೆ ಎರಡು ಮೂರು ವರ್ಷಕ್ಕೆ ಮೋಸವಿಲ್ಲ. ಮರವಿದ್ದರೆ, ಅದೂ ಕಾಯಿ ಬಿಡುವ ಮರವಿದ್ದರೆ, ಅಲ್ಲಿ ಮುದುಕನಾಗುವವರೆಗೂ ಇರಬಹುದು. ಬೇರೆ ಕೋಚ್‌ಗಳು ಸಂಬಳ ಕೇಳುತ್ತಿದ್ದರು, ಸ್ಟೇಡಿಯಂ ತುಂಬುತ್ತದೆಯೇ ಎಂದು ಕೇಳುತ್ತಿದ್ದರು, ಒಳ್ಳೆಯ ಹುಡುಗರು ಹತ್ತಿರದಲ್ಲಿ ಸಿಗುತ್ತಾರೆಯೇ ಎಂದು ಕೇಳುತ್ತಿದ್ದರು. ಅವೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಕೋಚ್‌ನ ಹೆಂಡತಿ ಮರ ನೆಟ್ಟಳೆಂದರೆ ಆ ಊರಿಗೆ ಸೋಲನ್ನು ತಾಳಿಕೊಳ್ಳುವ ಶಕ್ತಿ ಇದೆ ಎಂದೇ ಅರ್ಥ ಎನ್ನುತ್ತಿದ್ದ ಲೆಮ್.

ಅವನು ತಿರುಗಿದ ಊರುಗಳಲ್ಲೆಲ್ಲ ಚೆಂಡುಹೂವೇ. ಅವನು ಎಂದೂ ಮುಖ್ಯ ಕೋಚ್ ಆದವನಲ್ಲ. ನಮ್ಮ ಅಮೆರಿಕದ ಫುಟ್‌ಬಾಲಿನಲ್ಲಿ ಮುಂದಿನ ಸಾಲಿನಲ್ಲಿ ನಿಂತು ಎದುರಾಳಿಯನ್ನು ಎದೆಗೊಟ್ಟು ತಳ್ಳುವ ದೊಡ್ಡ ಹುಡುಗರಿರುತ್ತಾರಲ್ಲ, ಅವರಿಗೆ ಕಲಿಸುವವನು. ಆ ಹುಡುಗರ ಹೆಸರು ಪತ್ರಿಕೆಯಲ್ಲಿ ಬರುವುದಿಲ್ಲ, ಅವರ ಕೋಚ್‌ನ ಹೆಸರಂತೂ ಯಾರಿಗೂ ಬೇಡ. ಮುಖ್ಯ ಕೋಚ್‌ನನ್ನು ಓಡಿಸಿದಾಗ ಮಾತ್ರ ಅವನ ಜೊತೆ ಇವರನ್ನೂ ತಪ್ಪದೆ ಓಡಿಸುತ್ತಾರೆ. ಲೆಮ್‌ನ ಹೆಂಡತಿ ನಡೀನ್ ಮದುವೆಯಾದ ಹೊಸದರಲ್ಲಿ ಪ್ರತಿ ಮನೆಯಲ್ಲೂ ಗೋಡೆಗೆ ಮೊಳೆ ಹೊಡೆದು ಚಿತ್ರಪಟ ತೂಗುಹಾಕುತ್ತಿದ್ದಳು. ಆಮೇಲೆ ಬಿಟ್ಟಳು. ಅವಳ ಅಮ್ಮನ ಪಟ, ಮದುವೆಯ ಪಟ, ಮಗಳು ಪದವಿ ಪಡೆದ ಪಟ, ಎಲ್ಲವೂ ನೆಲದ ಮೇಲೆ ಗೋಡೆಗೆ ಒರಗಿಕೊಂಡೇ ಇರುತ್ತಿದ್ದವು.

ಹಾಲೊಮನ್ ನಮ್ಮ ಸ್ವಂತ ಊರು. ಅಲಬಾಮಾದ ಕೆಂಪು ಮಣ್ಣಿನ ನಡುವೆ ಒಂದು ಸಣ್ಣ ಕಾಲೇಜು, ಒಂದು ಪ್ರಾರ್ಥನಾ ಮಂದಿರ, ಅದರ ಹಿಂದೆ ಮುಖ್ಯ ಕೋಚ್‌ಗೆಂದು ಕಟ್ಟಿದ ಇಟ್ಟಿಗೆಯ ಮನೆ. ಆ ಮನೆಯ ಮುಂದೆ ಪೀಕನ್ ಮರವಿದೆ, ಅಕ್ರೋಟಿನಂಥ ಕಾಯಿ ಬಿಡುವ ಮರ. ನೆಟ್ಟವಳು ಕೋಚ್ ಆಂಬ್ರೋಸ್ ಟೇಟ್‌ನ ಹೆಂಡತಿ. ಟೇಟ್ ಇಲ್ಲಿ ಮೂವತ್ತು ವರ್ಷ ಗೆದ್ದ, ಸೋತ, ಮತ್ತೆ ಗೆದ್ದ. ಲೆಮ್ ಅವನ ಕೈಯಲ್ಲೇ ಆಡಿ ಬೆಳೆದವನು. ನಾವಿಬ್ಬರೂ ಚಿಕ್ಕವರಿದ್ದಾಗ ಆ ಮರದ ಕೆಳಗೆ ಕಾಯಿ ಆರಿಸುತ್ತಿದ್ದೆವು. ಟೇಟ್ ಸತ್ತಾಗ ಕಾಲೇಜಿನ ಬ್ಯಾಂಡು ಮಂದಿರದಿಂದ ಸ್ಮಶಾನದವರೆಗೆ ನುಡಿಸುತ್ತಾ ನಡೆಯಿತು. ದಾರಿಯ ಎರಡೂ ಕಡೆ ಅಂಗಡಿಯವರು ಟೋಪಿ ತೆಗೆದು ನಿಂತರು. ಲೆಮ್ ಜೀವಮಾನದಲ್ಲಿ ಆಸೆಪಟ್ಟದ್ದು ಒಂದೇ ಒಂದು ಕೆಲಸಕ್ಕೆ. ದೊಡ್ಡ ವಿಶ್ವವಿದ್ಯಾಲಯದವರು ಬಂಗಾರದ ಕುರ್ಚಿ ಕೊಡುತ್ತೇವೆಂದರೂ ಅವನಿಗೆ ಬೇಕಾಗಿದ್ದದ್ದು ಆ ಮರ ಇರುವ ಮನೆ.

ವೆಂಡೆಲ್ ಸ್ಟ್ರೌಡ್ ಇಲ್ಲಿ ಮುಖ್ಯ ಕೋಚ್ ಆದಾಗ ಲೆಮ್‌ನನ್ನು ಟೆನೆಸಿಯಿಂದ ಕರೆಸಿಕೊಂಡ. ನಾನು ಆಟಗಾರರ ಊಟದ ಮನೆ ನೋಡಿಕೊಳ್ಳುವವಳು. ಲೆಮ್ ಊರಿಗೆ ಬಂದ ಖುಷಿಗೆ ಆ ವಾರವೆಲ್ಲ ಹುಡುಗರಿಗೆ ಪೀಚ್ ಹಣ್ಣಿನ ಪೈ ಮಾಡಿ ಬಡಿಸಿದೆ. ಸ್ಟ್ರೌಡ್ ಒಳ್ಳೆಯವನೇ. ಆದರೆ ಆ ನವೆಂಬರ್ ಹೊತ್ತಿಗೆ ನಮ್ಮವರು ಗೆದ್ದದ್ದಕ್ಕಿಂತ ಸೋತದ್ದು ಹೆಚ್ಚಾಗಿತ್ತು. ಕೊನೆಯ ಆಟ ಶನಿವಾರ, ಡನ್‌ಮೋರ್ ಕಾಲೇಜಿನ ಮೇಲೆ. ಗೆದ್ದರೆ ಸ್ಟ್ರೌಡ್‌ನ ಕೆಲಸ ತಾನಾಗಿಯೇ ನಾಲ್ಕು ವರ್ಷ ಮುಂದುವರಿಯುತ್ತದೆ, ಸೋತರೆ ಮನೆಗೆ. ಇದು ಊರಿಗೆಲ್ಲ ಗೊತ್ತಿತ್ತು, ಕ್ಷೌರದಂಗಡಿಯಲ್ಲಿ ಬೇರೆ ಮಾತೇ ಇರಲಿಲ್ಲ.

ಗುರುವಾರ ಸಂಜೆ ಲೆಮ್ ಅಭ್ಯಾಸ ಮುಗಿಸಿ ಸೀದಾ ನನ್ನ ಅಡುಗೆಮನೆಗೆ ಬಂದ. ಬಿಸಿಲು ಟೋಪಿ ತೆಗೆದು ಮೇಜಿನ ಮೇಲಿಟ್ಟ. ಮೀನು ಬಡಿಸಿದೆ, ಮುಟ್ಟಲಿಲ್ಲ.

"ಬ್ಯಾಂಕ್‌ಸ್ಟನ್ ಬಂದಿದ್ದ ಅಕ್ಕ," ಅಂದ.

ಥ್ಯಾಡಿಯಸ್ ಬ್ಯಾಂಕ್‌ಸ್ಟನ್ ನಮ್ಮೂರಲ್ಲಿ ಶವಸಂಸ್ಕಾರದ ಮನೆ ನಡೆಸುವವನು, ಕಾಲೇಜಿನ ಆಡಳಿತ ಮಂಡಳಿಯಲ್ಲಿ ಅವನದೇ ಮಾತು. ಯಾರನ್ನು ನೋಡಿದರೂ ಶವಪೆಟ್ಟಿಗೆಗೆ ಅಳತೆ ತೆಗೆದುಕೊಳ್ಳುತ್ತಿರುವ ಹಾಗೆ ನೋಡುತ್ತಾನೆ.

"ಯಾರು ಸತ್ರು?" ಅಂದೆ.

"ಸ್ಟ್ರೌಡ್ ಸಾಯ್ತಾನಂತೆ, ಶನಿವಾರ," ಅಂದ ಲೆಮ್. ನಗಲಿಲ್ಲ. "ಸೋತ್ರೆ ಭಾನುವಾರ ಮಂಡಳಿ ಸೇರುತ್ತೆ. ಸೇರಿ ನನ್ನ ಹೆಸರು ಹೇಳ್ತಾರಂತೆ. ಮುಖ್ಯ ಕೋಚ್ ನಾನಂತೆ. ಎಲ್ರೂ ಒಪ್ಪಿದಾರಂತೆ."

ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. "ಗೆದ್ರೆ?"

"ಗೆದ್ರೆ ಸ್ಟ್ರೌಡ್ ಉಳೀತಾನೆ. ಕರಾರಿನ ಕಾಗದದಲ್ಲಿ ಹಾಗಿದೆ, ಅವ್ನನ್ನ ಮುಟ್ಟಕ್ಕಾಗಲ್ಲ. ಆದ್ರೆ ಇಷ್ಟು ಸೋಲಿಗೆ ಯಾರಾದ್ರೂ ಒಬ್ರು ತಲೆ ಕೊಡ್ಬೇಕಲ್ಲ, ಊರಿನ ಬಾಯಿ ಮುಚ್ಚಕ್ಕೆ. ಕೈಕೆಳಗಿನೋರಲ್ಲಿ ಒಬ್ಬನ್ನ ತೆಗೀಬೇಕು ಅಂತ ಹೇಳ್ತಾರಂತೆ."

"ಯಾರನ್ನ?"

"ಅದು ಹೇಳ್ಲಿಲ್ಲ. ನನ್ನೇ ನೋಡ್ತಿದ್ದ."

"ಥೂ," ಅಂದೆ ನಾನು. "ಬೇಕಂತಲೇ ಸೋಲು ಅಂತ ನಿನಗೆ ಹೇಳಿದ್ನಾ ಅವ್ನು?"

"ಅವ್ನು ಅಂಥ ಮಾತು ಬಾಯಲ್ಲಿ ಆಡೋನಾ? 'ಶನಿವಾರ ನೀನು ಜಾಸ್ತಿ ತಲೆ ಕೆಡಿಸ್ಕೋಬೇಡ ಲೆಮ್' ಅಂದ. ಅಷ್ಟೇ. ಭುಜ ತಟ್ಟಿ ಹೋದ."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನಾನು ಕುರ್ಚಿ ಎಳೆದುಕೊಂಡು ತಮ್ಮನ ಎದುರು ಕೂತೆ. ಐವತ್ತೆಂಟು ವಯಸ್ಸು, ಮಂಡಿ ಎರಡೂ ಹೋಗಿವೆ, ಕಿವಿ ಅರ್ಧ ಮಂದ. ಇನ್ನು ನಾಲ್ಕು ವರ್ಷ ಬಿಟ್ಟು ಅವನನ್ನು ಯಾರು ಮುಖ್ಯ ಕೋಚ್ ಮಾಡುತ್ತಾರೆ?

"ನೀನೇನಂದೆ?"

"ಟೋಪಿ ತೆಗ್ದು ಮತ್ತೆ ಹಾಕ್ಕೊಂಡೆ." ಮೀನಿನ ತಟ್ಟೆ ಪಕ್ಕಕ್ಕೆ ಸರಿಸಿ ಹೇಳಿದ, "ನಡೀನ್ ಹೋದ ಸಲ ಗಂಟುಮೂಟೆ ಕಟ್ಟೋವಾಗ ಹೇಳಿದ್ಳು. ಇನ್ನೊಂದ್ಸಲ ಮನೆ ಬದಲಾಯ್ಸೋದಾದ್ರೆ ನಿನ್ನ ಬಟ್ಟೆ ಮಾತ್ರ ಕಟ್ಕೋ ಅಂತ."

"ಅವಳಿಗೆ ಹೇಳಿದ್ಯಾ ಇದನ್ನ?"

"ಇಲ್ಲ. ನೀನೂ ಹೇಳ್ಬೇಡ."

ಶನಿವಾರ ಬೆಳಿಗ್ಗೆ ನಾನು ಊಟದ ಮನೆಗೆ ಹೋಗುತ್ತಾ ಮಂದಿರದ ಹಿಂದಿನ ರಸ್ತೆ ಹಿಡಿದೆ. ಇಟ್ಟಿಗೆ ಮನೆಯ ಅಂಗಳದ ತುಂಬ ಫಲಕಗಳು. ಊರಲ್ಲಿ ಮಾರಾಟಕ್ಕಿರುವ ಮನೆಗಳ ಮುಂದೆ ನೆಟ್ಟಿರುತ್ತಾರಲ್ಲ, "ಮಾರಾಟಕ್ಕಿದೆ" ಎಂಬ ತಗಡಿನ ಫಲಕ, ಅವನ್ನೆಲ್ಲ ಕಿತ್ತು ತಂದು ಸ್ಟ್ರೌಡ್‌ನ ಹುಲ್ಲಿನಲ್ಲಿ ನೆಟ್ಟಿದ್ದರು. ಪೀಕನ್ ಮರದ ಸುತ್ತ ಒಂದು ಬೇಲಿಯೇ ಆಗಿತ್ತು. ನಮ್ಮ ಕಡೆ ಇದು ಹೊಸದಲ್ಲ. ಕೋಚ್ ಸೋಲತೊಡಗಿದರೆ ಮನೆ ಖಾಲಿ ಮಾಡು ಎಂದು ಊರು ಹೇಳುವುದೇ ಹೀಗೆ. ತೋಳ ಬಿದ್ದರೆ ಆಳಿಗೊಂದು ಕಲ್ಲು. ಸ್ಟ್ರೌಡ್‌ನ ಹೆಂಡತಿ ಕಿಟಕಿಯ ಪರದೆ ಎಳೆದುಕೊಂಡಿದ್ದಳು. ನಾನು ಗಾಡಿ ನಿಲ್ಲಿಸಲಿಲ್ಲ. ನಿಜ ಹೇಳಬೇಕೆಂದರೆ, ಆ ಫಲಕಗಳನ್ನು ನೋಡಿ ನನ್ನೊಳಗೆ ಒಂದು ಆಸೆ ಮಗ್ಗುಲು ಬದಲಿಸಿತು. ಆ ಕಿಟಕಿಗೆ ನಡೀನ್ ಯಾವ ಬಣ್ಣದ ಪರದೆ ಹಾಕಿಯಾಳು ಎಂದು ಯೋಚಿಸುತ್ತಾ ಹೋದೆ.

ಮಧ್ಯಾಹ್ನದ ಆಟ. ನಮ್ಮವರ ಬೆಂಚಿನ ಹಿಂದೆಯೇ ತಗ್ಗಿನ ಸಾಲಿನಲ್ಲಿ ನನ್ನ ಜಾಗ. ಸಾಮಾನ್ಯವಾಗಿ ಅರ್ಧ ಆಟ ಮುಗಿದು ಬ್ಯಾಂಡು ಕುಣಿದಾದ ಮೇಲೆ ಅರ್ಧ ಊರು ಎದ್ದು ಹೋಗುತ್ತದೆ, ಅವರು ಬರುವುದೇ ಬ್ಯಾಂಡಿಗೆ. ಅವತ್ತು ಒಬ್ಬರೂ ಏಳಲಿಲ್ಲ. ಒಬ್ಬ ಮನುಷ್ಯನ ಕೆಲಸ ಹೋಗುವುದನ್ನು ನೋಡಲು ಟಿಕೆಟ್ ಕೊಟ್ಟು ಕೂತಿದ್ದರು. ಬ್ಯಾಂಕ್‌ಸ್ಟನ್ ಕರಿ ಕೋಟು ಹಾಕಿಕೊಂಡು ಮೇಲಿನ ಗಾಜಿನ ಕೋಣೆಯಲ್ಲಿದ್ದ.

ಲೆಮ್ ಎಂದಿನಂತೆಯೇ ಇದ್ದ. ಅದೇ ನನಗೆ ಭಯ. ಹುಡುಗರ ಹೆಗಲ ಕವಚ ಹಿಡಿದು ಎಳೆದು ಏನೋ ಹೇಳುತ್ತಿದ್ದ, ಮಂಡಿ ನೋವಿಗೆ ಕುಂಟುತ್ತಾ ಗೆರೆಯುದ್ದಕ್ಕೂ ಓಡಾಡುತ್ತಿದ್ದ. ಒಂದು ಸಲವೂ ನನ್ನ ಕಡೆ ತಿರುಗಲಿಲ್ಲ.

ಕೊನೆಯ ನಿಮಿಷ ಬಂತು. ಡನ್‌ಮೋರ್ ಎರಡು ಅಂಕ ಮುಂದೆ. ಚೆಂಡು ನಮ್ಮದು, ಅವರ ಕಂಬಗಳಿಗೆ ಅಷ್ಟೇನೂ ದೂರವಿಲ್ಲ. ನಾಲ್ಕು ಯತ್ನದೊಳಗೆ ಹತ್ತು ಗಜ ದಾಟಬೇಕು ಈ ಆಟದಲ್ಲಿ, ದಾಟದಿದ್ದರೆ ಚೆಂಡು ಎದುರಾಳಿಗೆ. ಮೂರು ಯತ್ನ ಮುಗಿದಿತ್ತು, ಉಳಿದದ್ದು ಒಂದೇ ಗಜ. ಇಲ್ಲಿ ಎರಡು ದಾರಿ. ಚೆಂಡನ್ನು ಕಂಬಗಳ ನಡುವೆ ಒದ್ದರೆ ಮೂರು ಅಂಕ, ಗೆಲುವು. ಇಲ್ಲವೇ ಆ ಒಂದು ಗಜವನ್ನು ಎದೆಗೊಟ್ಟು ತಳ್ಳಿ ಮತ್ತೆ ನಾಲ್ಕು ಯತ್ನ ಗಳಿಸಬೇಕು.

"ಒದೀರಿ, ಒದೀರಿ," ಎಂದು ಸ್ಟೇಡಿಯಂ ಕೂಗಿತು. ಬುದ್ಧಿಯಿರುವವರು ಹೇಳುವ ಮಾತು ಅದೇ. ಆದರೆ ನಮ್ಮ ಒದೆಯುವ ಹುಡುಗ ಅವತ್ತು ಒದ್ದದ್ದೆಲ್ಲ ಕಂಬದ ಹೊರಗೇ ಹೋಗಿತ್ತು, ಗಾಳಿಯೂ ಎದುರು ಬೀಸುತ್ತಿತ್ತು.

ಸ್ಟ್ರೌಡ್ ಕಿವಿಯ ಮೇಲಿನ ಹೆಡ್‌ಫೋನ್ ಕಿತ್ತು ಕುತ್ತಿಗೆಗೆ ಹಾಕಿಕೊಂಡ. ಉಳಿದವರನ್ನೆಲ್ಲ ದಾಟಿ ಲೆಮ್‌ನ ಹತ್ತಿರ ಬಂದ. ಬೆಂಚಿನ ಹಿಂದೆ ಕೂತಿದ್ದ ನನಗೆ ಅವನ ಮಾತು ಕೇಳಿಸಿತು.

"ಲೆಮ್, ನಿನ್ನ ಹುಡುಗ್ರು ಒಂದು ಗಜ ತಳ್ತಾರಾ?"

ಲೆಮ್ ಮೈದಾನದ ಕಡೆ ನೋಡಿದ. ಅವನಿಗೆ ಉತ್ತರ ಗೊತ್ತಿತ್ತು. ಡನ್‌ಮೋರ್‌ನ ನಡುವಿನ ದೈತ್ಯ ಹುಡುಗ ಸುಸ್ತಾಗಿ ಆಗಿನಿಂದ ತಡವಾಗಿ ಏಳುತ್ತಿದ್ದ, ಬಲಗಡೆ ದಾರಿ ತೆರೆದುಕೊಳ್ಳುತ್ತಿತ್ತು. ಅದನ್ನು ಕಂಡಿದ್ದವನು ಲೆಮ್ ಒಬ್ಬನೇ. ಅವನು ಸುಳ್ಳು ಹೇಳಬೇಕಾಗಿರಲಿಲ್ಲ. ಚೆಂಡನ್ನು ಬೀಳಿಸಬೇಕಾಗಿರಲಿಲ್ಲ. ಊರೆಲ್ಲ ಕೂಗುತ್ತಿದ್ದ ಮಾತನ್ನೇ ಅವನೂ ಹೇಳಿದರೆ ಸಾಕಿತ್ತು. "ಒದೆಯೋದೇ ವಾಸಿ ಕೋಚ್" ಎಂದಿದ್ದರೆ, ದೇವರೂ ಅವನ ಮೇಲೆ ತಪ್ಪು ಹೊರಿಸುತ್ತಿರಲಿಲ್ಲ.

ಗಡಿಯಾರ ಓಡುತ್ತಿತ್ತು. ನಾನು ಎದ್ದು ನಿಂತೆ. "ಒದೀರಿ," ಎಂದು ಗಂಟಲು ಹರಿಯುವಂತೆ ನಾನೂ ಕೂಗಿದೆ. ನನ್ನ ಪಕ್ಕದವರು ಗೆಲ್ಲಲೆಂದು ಕೂಗುತ್ತಿದ್ದರು, ನಾನು ಒದ್ದು ಸೋತು ನನ್ನ ತಮ್ಮನಿಗೆ ಆ ಮನೆ ಸಿಗಲೆಂದು ಕೂಗಿದೆ. ನನ್ನ ದನಿ ಅವನಿಗೆ ಕೇಳಿಸಿರಬೇಕು, ಅವನ ಹೆಗಲು ಸ್ವಲ್ಪ ಅಲುಗಿತು. ಆದರೂ ತಿರುಗಲಿಲ್ಲ.

"ಬಲಗಡೆಯಿಂದ ಕಳ್ಸು," ಅಂದ ಲೆಮ್. "ತಳ್ತಾರೆ."

ತಳ್ಳಿದರು. ದೈತ್ಯ ಏಳುವುದರೊಳಗೆ ನಮ್ಮ ಹುಡುಗರು ಅವನನ್ನು ಬಾಗಿಲಿನ ಹಾಗೆ ಪಕ್ಕಕ್ಕೆ ಸರಿಸಿದರು. ಚೆಂಡು ಹಿಡಿದವನು ಒಂದು ಗಜ ಕೇಳಿದರೆ ಕೊನೆಯ ಗೆರೆಯವರೆಗೂ ಓಡಿಬಿಟ್ಟ. ಆ ಗೆರೆ ದಾಟಿದರೆ ಆರು ಅಂಕ, ನಾವು ಗೆದ್ದೆವು. ಬ್ಯಾಂಡು ಹುಚ್ಚೆದ್ದು ನುಡಿಸಿತು. ಬೆಳಿಗ್ಗೆ ಫಲಕ ನೆಟ್ಟವರೇ ಬೇಲಿ ಹಾರಿ ಬಂದು ಸ್ಟ್ರೌಡ್‌ನನ್ನು ಹೆಗಲ ಮೇಲೆ ಹೊತ್ತರು. ಗಾಜಿನ ಕೋಣೆಯಲ್ಲಿ ಬ್ಯಾಂಕ್‌ಸ್ಟನ್ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದ. ನನಗೆ ಅಳು ಬಂತು, ಸಂತೋಷಕ್ಕಲ್ಲ.

ಹೊತ್ತು ಮುಳುಗುವ ಮುಂಚೆ ಲೆಮ್ ನನ್ನ ಗಾಡಿ ಹತ್ತಿದ. "ಸ್ಟ್ರೌಡ್ ಮನೆ ಮುಂದೆ ನಿಲ್ಸು," ಅಂದ. ಇಳಿದು ಒಂದೊಂದೇ ಫಲಕ ಕೀಳತೊಡಗಿದ. ಆಮೇಲೆ ನಾನೂ ಇಳಿದೆ. ನನ್ನ ಕೋಪ ಕೈಗೆ ಬಂದಿತ್ತು, ತಗಡುಗಳನ್ನು ಡಿಕ್ಕಿಯೊಳಗೆ ಎಸೆದೆ.

"ನೀನೇನು ಮಾಡ್ದೆ ಅಂತ ಸ್ಟ್ರೌಡ್‌ಗೆ ನಾನು ಹೇಳ್ತೀನಿ," ಅಂದೆ.

"ಒಂದು ಮಾತೂ ಹೇಳ್ಕೂಡ್ದು ನೀನು. ನನ್ನಾಣೆ."

"ಯಾಕೆ? ಗೊತ್ತಾಗ್ಲಿ ಅವನಿಗೆ."

"ಗೊತ್ತಾದ್ರೆ ಈ ಕೆಲ್ಸ ಅವನಿಗೆ ಯಾವತ್ತೂ ರುಚಿಸಲ್ಲ ಅಕ್ಕ. ಗೆದ್ದಿದಾನೆ, ತಿನ್ಲಿ ಬಿಡು." ಕೊನೆಯ ಫಲಕ ಕಿತ್ತು, ಅದು ಮಾಡಿದ ತೂತಿಗೆ ಬೂಟುಗಾಲಿನಿಂದ ಮಣ್ಣು ತುಂಬಿದ. ಮರದ ಕೆಳಗೆ ಕಾಯಿಗಳು ಬಿದ್ದಿದ್ದವು. ಅವನು ಒಂದನ್ನೂ ಆರಿಸಿಕೊಳ್ಳಲಿಲ್ಲ.

ಭಾನುವಾರ ಮಂಡಳಿ ಸೇರಿತು. ಸೋಮವಾರ ಸ್ಟ್ರೌಡ್ ಲೆಮ್‌ನನ್ನು ಕೋಣೆಗೆ ಕರೆದು, ಹೊಸ ರಕ್ತ ಬೇಕಾಗಿದೆ ಎಂದ. ಒಂದು ತಲೆ ಕೊಡು ಎಂದಾಗ ಅವನು ಕೊಟ್ಟದ್ದು ಶನಿವಾರ ತನ್ನ ತಲೆ ಉಳಿಸಿದವನದು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ?

ಸುದ್ದಿ ಕೇಳಿದವಳೇ ಒಲೆ ಆರಿಸಿ ಹೊರಟೆ. ಡಿಕ್ಕಿಯಲ್ಲಿದ್ದ ಫಲಕಗಳಲ್ಲಿ ಒಂದನ್ನು ಕೈಗೆ ತೆಗೆದುಕೊಂಡೆ. ಅದನ್ನು ಅವನ ಬಾಗಿಲ ಮುಂದೆಯೇ ನೆಟ್ಟು ಬರುತ್ತೇನೆ, ಆಣೆ ಮುರಿದು ಎಲ್ಲ ಹೇಳಿ ಬರುತ್ತೇನೆ ಎಂದುಕೊಂಡು ಗಂಟೆ ಒತ್ತಿದೆ.

ಸ್ಟ್ರೌಡ್ ತಾನೇ ಬಾಗಿಲು ತೆಗೆದ. ಕೈಯಲ್ಲಿ ಸುತ್ತಿಗೆ. ಒಳಗೆ ಅವನ ಹೆಂಡತಿ ಕುರ್ಚಿಯ ಮೇಲೆ ನಿಂತು ಗೋಡೆಗೆ ಒಂದು ಪಟ ಹಿಡಿದು, ಇಲ್ಲಿಗಾ ಇನ್ನೂ ಮೇಲಕ್ಕಾ ಎಂದು ಕೇಳುತ್ತಿದ್ದಳು. ನಾಲ್ಕು ವರ್ಷ ಸಿಕ್ಕ ಮನೆ. ಎತ್ತಿ ಹಿಡಿದಿದ್ದ ಫಲಕವನ್ನು ಕೆಳಗಿಳಿಸಿದೆ.

ಅವನು ಬಾಗಿಲು ಎಳೆದುಕೊಂಡು ಹೊರಗೆ ಬಂದ. "ಮಿಸ್ ಒಲೀಟಾ, ನೀವು ಬರ್ತೀರಿ ಅಂತ ಗೊತ್ತಿತ್ತು. ಬೈಯಿರಿ."

"ಅವ್ನೇ ಯಾಕೆ ಕೋಚ್?"

"ಅವ್ರು ಒಂದೇ ಹೆಸ್ರು ಹೇಳಿದ್ರು. ಇಲ್ಲಾಂದ್ರೆ ನಾಲ್ಕು ವರ್ಷ ನಿನ್ನನ್ನ ಉಸಿರಾಡಕ್ಕೆ ಬಿಡಲ್ಲ ಅಂದ್ರು." ಅವನ ಕಣ್ಣು ನನ್ನ ಕೈಯಲ್ಲಿದ್ದ ಫಲಕದ ಮೇಲಿತ್ತು. "ಈ ಕೆಲ್ಸಕ್ಕೋಸ್ಕರ ನಾನು ಜೀವನಪೂರ್ತಿ ಕಾದಿದೀನಿ. ಕೈಗೆ ಸಿಕ್ಕಿದ್ದನ್ನ ಯಾರು ಬಿಡ್ತಾರೆ? ನನ್ನ ಜಾಗದಲ್ಲಿ ಲೆಮ್ ಇದ್ದಿದ್ರೂ ಇದನ್ನೇ ಮಾಡ್ತಿದ್ದ."

"ಇಲ್ಲ ಕೋಚ್," ಅಂದೆ. "ಅವ್ನು ಮಾಡ್ಲಿಲ್ಲ."

"ಮಾಡ್ಲಿಲ್ಲ ಅಂದ್ರೆ?"

"ನಾನು ಹೇಳಲ್ಲ. ನನಗೆ ಆಣೆ ಇಟ್ಟಿದಾನೆ. ಗುರುವಾರ ಮೈದಾನಕ್ಕೆ ಬಂದು ಲೆಮ್‌ಗೆ ಏನು ಹೇಳಿದ್ರು ಅಂತ ಬ್ಯಾಂಕ್‌ಸ್ಟನ್‌ನ ಕೇಳಿ."

ಅವನ ಮುಖ ನೋಡಲು ನಿಲ್ಲಲಿಲ್ಲ. ಗಾಡಿಯಲ್ಲಿ ಕೂತ ಮೇಲೆ ನೋಡಿದರೆ ಫಲಕ ಇನ್ನೂ ನನ್ನ ಕೈಯಲ್ಲೇ ಇತ್ತು. ನೆಡಲು ಹೋದವಳು ಮರೆತುಬಂದಿದ್ದೆ.

ನಡೀನ್‌ಗೆ ಲೆಮ್ ಎಲ್ಲವನ್ನೂ ಹೇಳಿದ್ದ. ಅವಳು ಆ ದಿನವೆಲ್ಲ ಹಿತ್ತಿಲಲ್ಲಿ ಒಬ್ಬಳೇ ಕೂತಿದ್ದಳು. ಮಾರನೆಯ ದಿನ ಹಳೆಯ ಕೌದಿಗಳನ್ನು ತೆಗೆದು ಪಟಗಳನ್ನು ಒಂದೊಂದಾಗಿ ಸುತ್ತತೊಡಗಿದಳು. ಅವನ ಬಟ್ಟೆಯ ಜೊತೆಗೆ ತನ್ನ ಬಟ್ಟೆಯನ್ನೂ ಕಟ್ಟಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ.

"ಹಾಗೆ ನೋಡ್ಬೇಡಿ ಅತ್ತಿಗೆ," ಅಂದಳು. "ಮೊಳೆ ಹೊಡೀದೇ ಇದ್ದದ್ದು ಒಳ್ಳೇದೇ ಆಯ್ತು. ಕೀಳೋ ಕೆಲ್ಸ ಇಲ್ಲ."

ಅರ್ಕನ್ಸಾದಲ್ಲಿ ಒಂದು ಹೈಸ್ಕೂಲಿನವರು ಲೆಮ್‌ನನ್ನು ಕರೆದಿದ್ದರು, ಅದೇ ಮುಂದಿನ ಸಾಲಿನ ಹುಡುಗರಿಗೆ ಕಲಿಸಲು. ಲಾರಿ ಬಂದ ದಿನ ಸ್ಟ್ರೌಡ್ ನಡೆದುಕೊಂಡೇ ಬಂದ. ಒಂದು ಕಾಗದದ ಚೀಲವನ್ನು ಮೆಟ್ಟಿಲ ಮೇಲಿಟ್ಟು, ಯಾರೂ ಕರೆಯದೆಯೇ ಒಳಗೆ ಹೋಗಿ ಪೆಟ್ಟಿಗೆ ಎತ್ತಿದ. ಮಂಚ, ಮೇಜು, ಕೌದಿ ಸುತ್ತಿದ ಪಟಗಳು, ಎಲ್ಲವನ್ನೂ ಲೆಮ್‌ನ ಜೊತೆ ಹೊತ್ತು ಲಾರಿಗೆ ಹಾಕಿದ. ಬೆವರಿನಲ್ಲಿ ಅಂಗಿ ಒದ್ದೆಯಾಗಿ ಬೆನ್ನಿಗಂಟಿತ್ತು. ಬ್ಯಾಂಕ್‌ಸ್ಟನ್‌ನನ್ನು ಕೇಳಿದ್ದಾನೆ ಎಂದು ಅವನನ್ನು ನೋಡಿದರೇ ತಿಳಿಯುತ್ತಿತ್ತು. ಲೆಮ್ ನನ್ನ ಕಡೆ ಒಮ್ಮೆ ದುರುಗುಟ್ಟಿ ನೋಡಿದ, ನಾನು ಆಕಾಶ ನೋಡಿದೆ. ಇಬ್ಬರೂ "ಹಿಡಿ," "ಮೆಲ್ಲಗೆ," "ಆ ಮೂಲೆ ತಿರುಗ್ಸು" ಎನ್ನುವುದನ್ನು ಬಿಟ್ಟು ಬೇರೆ ಮಾತಾಡಲಿಲ್ಲ.

ಕೆಲಸ ಮಾತ್ರ ಸ್ಟ್ರೌಡ್ ಬಿಡಲಿಲ್ಲ. ಬಿಡುತ್ತಾನೆಂದು ನಾನು ಕಾದೆ, ಆ ದಿನವೂ, ಆಮೇಲೆ ಎಷ್ಟೋ ದಿನವೂ. ಆ ಮರದ ಮನೆಯಲ್ಲೇ ಇದ್ದಾನೆ. ಊಟದ ಮನೆಗೆ ಬಂದರೆ ನನ್ನ ಕಣ್ಣು ತಪ್ಪಿಸಿ ತಟ್ಟೆ ನೋಡುತ್ತಾನೆ.

ಲಾರಿ ಹೊರಡುವ ಹೊತ್ತಿಗೆ ಆ ಚೀಲವನ್ನು ತಂದು ಕಿಟಕಿಯಿಂದ ನಡೀನ್‌ಗೆ ಕೊಟ್ಟ. ಅವಳು ಅದರ ಬಾಯಿ ಬಿಚ್ಚಿ ನೋಡಿದಳು. ಪೀಕನ್ ಕಾಯಿ, ಚೀಲದ ತುಂಬ.

"ಇವನ್ನ ನೆಟ್ರೆ ಹುಟ್ಟುತ್ತಾ?" ಎಂದು ಗಂಡನನ್ನು ಕೇಳಿದಳು.

"ಹುಟ್ಟುತ್ತೆ," ಅಂದ ಲೆಮ್. "ಕಾಯಿ ಬಿಡಕ್ಕೆ ಹತ್ತು ವರ್ಷ ಬೇಕು."

ನಡೀನ್ ಚೀಲದ ಬಾಯಿ ಮಡಿಚಿ ತೊಡೆಯ ಮೇಲಿಟ್ಟುಕೊಂಡಳು. ಲೆಮ್ ಲಾರಿ ಚಾಲೂ ಮಾಡಿದ.